ಹೊನ್ನಿನ ಅಂಚು

ನನ್ನ ಅಣ್ಣನಿಗೆ ಹಳೆಯ ನಾಣ್ಯಗಳ ಹುಚ್ಚು. ಕಂಪ್ಲಿ ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಟ್ಟರೂ ಎರಡೂ ಮಗ್ಗುಲು ತಿರುವಿ ನೋಡಿಯೇ ಜೇಬಿಗೆ ಹಾಕುವವನು. ಹಂಪಿಯಲ್ಲಿ ಎಲ್ಲರೂ ತಲೆಯೆತ್ತಿ ಗೋಪುರ ನೋಡಿದರೆ ಇವನು ನೆಲ ನೋಡುತ್ತಾ ನಡೆಯುತ್ತಿದ್ದ. ಇಂಥವನ ಕಣ್ಣು ನನ್ನ ಪೆಟ್ಟಿಗೆಯಲ್ಲಿದ್ದ ಹೊನ್ನಿನ ಮೇಲೆ ಬೀಳದೆ ಇರುತ್ತದೆಯೇ?

ಅದು ನಮ್ಮ ಅಜ್ಜಿಯಿಂದ ಬಂದದ್ದು, ವಿಜಯನಗರದ ಕಾಲದ್ದು. ಹುಣಸೆ ಬೀಜದಷ್ಟು ಅಗಲದ ಚಿನ್ನದ ಬಿಲ್ಲೆ. ಒಂದು ಮಗ್ಗುಲಲ್ಲಿ ಜೋಡಿಯಾಗಿ ಕುಳಿತ ದೇವರು, ಇನ್ನೊಂದರಲ್ಲಿ ನಮಗೆ ಓದಲು ಬಾರದ ಅಕ್ಷರ. ನಮ್ಮ ಮನೆಯಲ್ಲಿ ಹೆಣ್ಣುಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರಮಾವ ಅದನ್ನು ಕರಿದಾರದಲ್ಲಿ ಕೊರಳಿಗೆ ಕಟ್ಟಬೇಕು. ದೇವರಿಗೆ ತೂತು ಹಾಕಬಾರದೆಂದು ಬೆಳ್ಳಿ ತಂತಿಯ ಕಟ್ಟಿನಲ್ಲಿ ಕೂರಿಸಿದ್ದರು. ನನ್ನ ಮಗಳಿಗೆ ಕಟ್ಟಿದವನು ಇದೇ ಅಣ್ಣ.

ಅವಳಿಗೆ ಕೆಳಗಿನ ಎರಡು ಹಲ್ಲು ಬಂದಿದ್ದವು. ಸಿಕ್ಕಿದ್ದನ್ನೆಲ್ಲ ಕಚ್ಚುವಳು, ನನ್ನ ಭುಜ, ತೊಟ್ಟಿಲ ಹಗ್ಗ, ಕೊರಳ ಹೊನ್ನು. ಬೆರಕೆಯಿಲ್ಲದ ಹಳೆಯ ಚಿನ್ನ ಮೆತ್ತಗಿತ್ತು, ಅಂಚಿನಲ್ಲಿ ಎರಡು ಪುಟ್ಟ ತಗ್ಗು ಮೂಡಿದವು. ಆ ಮಳೆಗಾಲದಲ್ಲಿ ನಾವಿದ್ದ ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನ ಕೂಸುಗಳಿಗೆಲ್ಲ ವಾಂತಿಭೇದಿ ಹತ್ತಿತು. ಉಳಿದವು ಎದ್ದು ಆಡಿದವು, ನನ್ನದು ಏಳಲಿಲ್ಲ. ಫೋಟೋ ತೆಗೆಸಿದರೆ ಕೂಸಿನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆ ಒಂದೂ ಫೋಟೋ ತೆಗೆಸಗೊಟ್ಟಿರಲಿಲ್ಲ. ಎಷ್ಟು ಉಳಿಸಿದರೋ ಆಯುಷ್ಯವನ್ನು! ನನಗೆ ಉಳಿದದ್ದು ಆ ಎರಡು ತಗ್ಗು. ಮಧ್ಯಾಹ್ನ ಮನೆ ಖಾಲಿಯಾದಾಗ ಅವುಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಸತ್ತ ಕೂಸಿನ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅಣ್ಣ ಹೊಸ ಸುದ್ದಿ ತಂದ. ಬೊಂಬಾಯಿಯಲ್ಲಿ ನಾಣ್ಯ ಪರೀಕ್ಷೆ ಮಾಡುವವರಿದ್ದಾರೆ. ಭೂತಗನ್ನಡಿ ಹಿಡಿದು ನೋಡಿ, ಅಸಲಿಯೋ ನಕಲಿಯೋ, ಯಾವ ದರ್ಜೆಯದೋ ಕಾಗದದ ಮೇಲೆ ಬರೆದುಕೊಡುತ್ತಾರೆ.

"ತೂತಿಲ್ಲ, ಬೆಸುಗಿ ಇಲ್ಲ. ಇಂಥದು ಸಿಗೂದು ಭಾಳ ಕಮ್ಮಿ ತಂಗಿ. ಒಮ್ಮಿ ಕಳಸೂಣು" ಎಂದ.

"ಮಾರೂದು ಇಲ್ಲಂದ್ಮ್ಯಾಲ ಯಾಕಣ್ಣ ಬೇಕು ಅದು?" ಎಂದೆ. ಕಾಲುವೆ ನೀರು ಹರಿದು ಕಬ್ಬು, ಭತ್ತ ಕೈಹಿಡಿದಿದ್ದ ಕಾಲ. ಮಾರುವ ಗರಜು ನಮ್ಮಲ್ಲಿ ಯಾರಿಗೂ ಇರಲಿಲ್ಲ.

"ನಮ್ಮಜ್ಜಿ ಹೊನ್ನು ಎಂಥದು ಅಂತ ಗೊತ್ತಾಗಬಾರದೇನು?"

ನನ್ನ ಗಂಡ ಪೇಪರಿನಿಂದ ತಲೆಯೆತ್ತದೆ, "ಅದು ಆಕಿದು. ಆಕಿನ್ನ ಕೇಳು" ಎಂದುಬಿಟ್ಟರು. ಟಪಾಲಿನಲ್ಲಿ ಕಳೆದುಹೋದರೆ ಎಂದು ನಾನು ಎಷ್ಟೋ ದಿನ ಹೂಂ ಅನ್ನಲಿಲ್ಲ. ಕೊನೆಗೆ ಅಣ್ಣ ಸುಮ್ಮನೆ ಒಂದು ಮಾತು ಆಡಿದ: "ಅವ್ರು ಭಾಳ ಕರಾರುವಾಕ್ಕು. ಎಲ್ಲಿ ಸವದೈತಿ, ಎಲ್ಲಿ ಗಾಯ ಆಗೈತಿ, ಎಲ್ಲಾ ಬರಿತಾರ."

ನಾನು ಒಪ್ಪಿದ್ದು ಆ ಮಾತಿಗೆ. ನನ್ನ ಮಗಳು ಇದ್ದಳು ಎನ್ನಲು ಎಲ್ಲೂ ಒಂದು ಚೂರು ಕಾಗದವಿರಲಿಲ್ಲ. ಕಾಣದ ಊರಿನ ಯಾರೋ ಒಬ್ಬರು ಅವಳ ಹಲ್ಲಿನ ಗುರುತು ನೋಡಿ, ಅಂಚಿನಲ್ಲಿ ಎರಡು ತಗ್ಗು ಇವೆ ಎಂದು ಬರೆದರೆ ನನಗಷ್ಟು ಸಾಕಿತ್ತು. ಬೆಳ್ಳಿ ತಂತಿ ಬಿಚ್ಚಿ ಹೊನ್ನನ್ನು ಅಣ್ಣನ ಕೈಗಿಟ್ಟೆ.

ನಮ್ಮ ಕಡೆ ಮದುವೆಗೆ ಹೋಗಲಿ, ಮುಂಜಿಗೆ ಹೋಗಲಿ, ಹೊಸಪೇಟೆಯ ಅಕ್ಕಸಾಲಿಗರ ಹತ್ತಿರ ಮೆರುಗು ಹಾಕಿಸದೆ ಚಿನ್ನ ಹೊಸ್ತಿಲು ದಾಟುವುದಿಲ್ಲ. ಬೊಂಬಾಯಿಗೆ ಹೊರಟ ಅಜ್ಜಿಯ ಹೊನ್ನು ಮಂಕಾಗಿ ಹೋಗುವುದು ಅಣ್ಣನಿಗೆ ಹೇಗೆ ಸಹನೆಯಾದೀತು? ಎರಡು ದಿನ ಬಿಟ್ಟು ಬಂದವನು ನಗುತ್ತಾ ಅಂಗೈ ಬಿಚ್ಚಿದ.

"ನೋಡೀಗ, ಮದಲಗಿತ್ತಿ ಆದಂಗ ಆಗೈತಿ! ಅಂಚಿನ್ಯಾಗ ಎರಡು ತಗ್ಗಿದ್ವು, ಅರ ಹಾಕಿಸಿ ನುಣ್ಣಗ ಮಾಡಿಸೀನಿ."

ನಾನು ಹೊನ್ನನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಒಂದು ಸುತ್ತು ತಡವಿದೆ. ಮತ್ತೊಂದು ಸುತ್ತು ತಡವಿದೆ. ಎಲ್ಲಿಯೂ ಬೆರಳು ತಡೆಯಲಿಲ್ಲ. ಕೂಸನ್ನು ಮಣ್ಣು ಮಾಡಿ ಬಂದ ದಿನವೂ ನಾನು ಇಷ್ಟು ಬರಿಗೈಯಾಗಿರಲಿಲ್ಲ. ಅಂದು ಆ ಎರಡು ತಗ್ಗಾದರೂ ಇದ್ದವು.

"ಯಾಕ ತಂಗಿ? ಚಂದ ಆಗಿಲ್ಲೇನು?"

"ಅವು ನನ್ನ ಮಗಳ ಹಲ್ಲು, ಅಣ್ಣ."

ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಮ್ಮ ಮನೆಯವರ ಸೈಕಲ್ ಹತ್ತಿ ಹೊಸಪೇಟೆಯ ದಾರಿ ಹಿಡಿದ. ನಾನು ಕರೆದೆ, ತಿರುಗಲಿಲ್ಲ. ಹೊತ್ತು ಇಳಿಯುವಾಗ ಬೆವರು ಸುರಿಸುತ್ತಾ ಬಂದು ಒಂದು ಕಾಗದದ ಪೊಟ್ಟಣ ಮುಂದೆ ಹಿಡಿದ. ಅಕ್ಕಸಾಲಿಗನ ಮಣೆಯ ಕೆಳಗೆ ಬಿದ್ದಿದ್ದ ಅರದ ಪುಡಿಯನ್ನೆಲ್ಲ ಗುಡಿಸಿ ತಂದಿದ್ದ.

"ಇದ್ರಾಗ ಬ್ಯಾರೆ ಮಂದಿ ಬಳಿದು, ಉಂಗುರದ್ದು ಪುಡಿನೂ ಕೂಡೈತಂತ" ಎಂದ. "ಆಕಿದು ಯಾವ್ದು ಅಂತ ಆರಿಸಾಕ ಬರಲಿಲ್ಲವ್ವ ನನಗ."