ಮಲಕವ್ವನ ಖೋ

ಮಲಕವ್ವನಿಗೆ ಓಡುವುದನ್ನು ಯಾರೂ ಕಲಿಸಿದ್ದಲ್ಲ. ತಿಕೋಟಾದ ಕುರಿಗಾರ ಅಮಸಿದ್ದನ ಮಗಳು ಅವಳು. ಕಂಡವರ ಜೋಳದ ಹೊಲ ಹೊಕ್ಕ ಕುರಿಗಳನ್ನು ಅಡ್ಡಗಟ್ಟಿ ತಿರುಗಿಸುತ್ತಲೇ ಅವಳ ಕಾಲಿಗೆ ಬಂದ ವಿದ್ಯೆ ಅದು. ೧೯೭೪ರಲ್ಲಿ ಒಂಬತ್ತನೆಯ ಇಯತ್ತೆಗೆ ಹೋದಾಗ, ಡ್ರಿಲ್ ಮಾಸ್ತರ ದಾವಲಸಾಬರು ಹುಡುಗಿಯರ ಖೋ ಖೋ ತಂಡ ಕಟ್ಟುತ್ತಿದ್ದರು. ಗಂಟೆ ಬಾರಿಸಿದ ಮೇಲೆ ಓಡಿಬಂದ ಮಲಕವ್ವ, ಗೇಟಿನ ಗೊಡವೆಗೇ ಹೋಗದೆ ಕಂಪೌಂಡು ಹಾರಿ ಇಳಿದದ್ದು ಅವರ ಕಣ್ಣಿಗೆ ಬಿತ್ತು. ಬೈಯುವುದನ್ನು ಬಿಟ್ಟು ಹೆಸರು ಬರೆದುಕೊಂಡರು.

ಮನೆಯಲ್ಲಿ ಮಾತು ಬೇರೆಯೇ ಆಯಿತು.

"ಲಂಗಾ ಎತ್ತಿ ಕಟಗೊಂಡು ಮಂದಿ ಮುಂದ ಓಡ್ತೀಯೇನ? ಕಾಲ ಮುರಕೊಂಡ್ರ ನಿನ್ನ ಯಾರ ಮಾಡ್ಕೋತಾರ? ಬ್ಯಾಡಂದ್ರ ಬ್ಯಾಡ!" ಎಂದ ಅಮಸಿದ್ದ.

"ಸಾಲಿಗಿ ಕಳಸಿದ್ದ ಹೆಚ್ಚಾಗೇತಿ ಆಕೀಗಿ," ಎಂದು ತಾಯಿ ಹುಚ್ಚವ್ವ ದನಿಗೂಡಿಸಿದಳು.

ಮಲಕವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಗಂಗಾಳ ನೂಕಿ ಎದ್ದವಳೇ ತೊರವಿಯ ಅಜ್ಜಿ ಮುದುಕವ್ವನ ಮನೆಗೆ ಹೋಗಿ ಎರಡು ದಿನ ಕುಳಿತಳು. ಮೂರನೆಯ ದಿನ ತಾನಾಗಿಯೇ ತಿರುಗಿ ಬಂದಳು, ಯಾರಿಗೂ ಹೇಳದೆ ಆಟಕ್ಕೆ ಸೇರಿದಳು. ಮೊಣಕಾಲು ತರಚಿದರೆ, "ಟಗರ ಬೆನ್ನ ಹತ್ತಿ ಬಿದ್ದೆ ಬೇ," ಎಂದು ಅವ್ವನಿಗೆ ಹೇಳುವುದು. ಆ ವರ್ಷ ಪಾಪ, ಮನೆಯ ಟಗರು ಮಾಡದ ತಪ್ಪಿಗೆ ಬಹಳ ಬೈಸಿಕೊಂಡಿತು.

ಆದರೆ ಖೋ ಖೋ ಅಂದರೆ ಬರೀ ಓಟವಲ್ಲ. ಎಂಟು ಮಂದಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಸಾಲಾಗಿ ಕೂಡಬೇಕು. ಒಂಬತ್ತನೆಯವಳು ಅಟ್ಟಬೇಕು. ಅವಳು ಬಂದು ಬೆನ್ನು ಮುಟ್ಟಿ 'ಖೋ' ಅಂದ ಮೇಲಷ್ಟೇ ಕುಳಿತವಳು ಏಳಬೇಕು. ಮಲಕವ್ವ ಅದಕ್ಕೂ ಮೊದಲೇ ಜಿಗಿದೇಳುತ್ತಿದ್ದಳು. ತಾನು ಅಟ್ಟುವಾಗಲಂತೂ ಯಾರಿಗೂ ಖೋ ಕೊಡದೆ ದಮ್ಮು ಹೋಗುವವರೆಗೆ ಒಬ್ಬಳೇ ಓಡುತ್ತಿದ್ದಳು. ಗೆಳತಿ ರೇಣವ್ವ ದಪ್ಪ, ನಿಧಾನ. ಅವಳಿಗೆ ಖೋ ಕೊಡುವುದೆಂದರೆ ಆಟ ಬಿಟ್ಟುಕೊಟ್ಟಂತೆ ಎಂದೇ ಮಲಕವ್ವನ ಲೆಕ್ಕ.

"ನಿನಗ ಓಡಾಕ ಬರ್ತೈತಿ, ಕುಂದ್ರಾಕ ಬರೂದಿಲ್ಲ," ಎಂದು ದಾವಲಸಾಬ ಮಾಸ್ತರರು ಒಂದು ವಾರ ಅವಳಿಗೆ ಒಂದೇ ಒಂದು ಖೋ ಸಿಗದಂತೆ ಕೂಡಿಸಿಬಿಟ್ಟರು. ಮೊದಲ ದಿನ ಮಲಕವ್ವ ಕುದಿದಳು. ಎರಡನೆಯ ದಿನ ಅತ್ತಳು. ಆಮೇಲೆ ಬೇರೆ ಕೆಲಸವಿಲ್ಲದ್ದಕ್ಕೆ ಉಳಿದವರು ಆಡುವುದನ್ನು ನೋಡತೊಡಗಿದಳು. ಯಾರು ಯಾವ ಕಡೆ ಹೊರಳುತ್ತಾರೆ, ಯಾರ ಕಾಲು ಎಲ್ಲಿ ಸೋಲುತ್ತದೆ ಎಂಬುದೆಲ್ಲ ಕುಳಿತಲ್ಲೇ ಕಾಣಿಸಿತು.

ಗುಟ್ಟು ಮಾತ್ರ ಬಹಳ ದಿನ ನಿಲ್ಲಲಿಲ್ಲ. ಸಂತೆಯಲ್ಲಿ ಯಾರೋ, "ನಿನ್ನ ಮಗಳು ಭಾರಿ ಓಡ್ತಾಳಪಾ," ಎಂದು ಅಮಸಿದ್ದನಿಗೆ ಹೇಳಿದರು. ಮನೆಗೆ ಬಂದವನೇ ಗುಡುಗಿದ: "ನಾಳಿಂದ ಸಾಲೀನೂ ಬಂದ್!"

ಮಲಕವ್ವ ಈ ಸಲ ತೊರವಿಯ ದಾರಿ ಹಿಡಿಯಲಿಲ್ಲ. ಅಪ್ಪ ಬೈದು ದಣಿದು, ಉಂಡು ಕೈ ತೊಳೆಯುವವರೆಗೆ ಸುಮ್ಮನೆ ಕುಳಿತಿದ್ದು, ಆಮೇಲೆ ಹೇಳಿದಳು: "ಸುಳ್ಳ ಹೇಳಿದ್ದು ನಂದು ತಪ್ಪ, ಯಪ್ಪಾ. ಒಮ್ಮಿ ಬಂದು ಕಣ್ಣಿಲೆ ನೋಡು. ನೋಡಿದ ಮ್ಯಾಲೂ ಬ್ಯಾಡಂದ್ರ ಬಿಡ್ತೇನಿ."

ಮಗಳು ಹೀಗೆ ಮೆತ್ತಗೆ ಮಾತಾಡಿದ್ದನ್ನು ಅಮಸಿದ್ದ ಎಂದೂ ಕೇಳಿರಲಿಲ್ಲ.

ಮರುದಿನ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕಂಪೌಂಡಿನ ಆಚೆ ನಿಂತ. ಸ್ವಲ್ಪ ಹೊತ್ತಿಗೆ ಒಳಗೆ ಬಂದ. ಇನ್ನೂ ಸ್ವಲ್ಪ ಹೊತ್ತಿಗೆ ಮಾಸ್ತರರ ಪಕ್ಕದಲ್ಲೇ ಇದ್ದ.

"ಆ ದಪ್ಪ ಹುಡುಗೀನ್ನ ಮೂಲ್ಯಾಗ ಯಾಕ ಕುಂದರಿಸೀರಿ, ಮಾಸ್ತರ? ಓಡೂದಿಲ್ಲ ಖರೆ, ಆದ್ರ ಕೈ ಎಷ್ಟ ಉದ್ದ ಅದಾವ ನೋಡ್ರಿ. ನಡುವ ಕುಂದರಿಸ್ರಿ. ಕುರಿ ಹಿಂಡು ಯಾವಾಗ್ಲೂ ನಡುವ ಒಡದ ಹೋಗತೈತ್ರಿ."

ದಾವಲಸಾಬರು ಹಾಗೆಯೇ ಕೂಡಿಸಿದರು. ಅಮಸಿದ್ದ ಹೊರಡುವಾಗ ಮಗಳಿಗೆ ಇಷ್ಟೇ ಹೇಳಿದ: "ಇನ್ನ ಮ್ಯಾಲ ಸಂಜೀಕ ಕುರಿ ನೀರಿಗಿ ನಿನ್ನ ಬದಲಿ ನಾ ಹೊಡ್ಕೊಂಡ ಹೋಗ್ತೇನಿ."

ವಿಜಾಪುರದ ತಾಲೂಕು ಪಂದ್ಯದಲ್ಲಿ ಬಬಲೇಶ್ವರದ ಹುಡುಗಿಯರು ಎದುರಾದರು. ಕೊನೆಯ ನಿಮಿಷ, ಎರಡೂ ಕಡೆ ಸಮ ಸಮ. ತಿಕೋಟಾದ ಪರವಾಗಿ ಮಲಕವ್ವ ಅಟ್ಟುತ್ತಿದ್ದಳು. ಮುಂದೆ ಓಡುತ್ತಿದ್ದ ಬಬಲೇಶ್ವರದ ಹುಡುಗಿ ಕೈಗೆ ಸಿಕ್ಕೇ ಬಿಟ್ಟಳು ಅನ್ನುವಷ್ಟರಲ್ಲಿ ಸಾಲಿನ ನಡುವೆ ನುಸುಳಿ ಆಚೆ ದಾಟಿದಳು. ಅಟ್ಟುವವಳು ಸಾಲು ದಾಟುವಂತಿಲ್ಲ. ಸಾಲಿನ ತುದಿಯ ಕಂಬ ಸುತ್ತಿ ಬರಲು ಹೊತ್ತಿಲ್ಲ. ಕಾಲ ಬಳಿ ಕುಳಿತಿದ್ದವಳು ರೇಣವ್ವ. ಮಲಕವ್ವ ಅವಳ ಬೆನ್ನು ಮುಟ್ಟಿ "ಖೋ!" ಎಂದು ಕೂಗಿದಳು. ರೇಣವ್ವ ಎದ್ದಳು, ಎರಡೇ ಹೆಜ್ಜೆ ಇಟ್ಟಳು, ಕೈ ಚಾಚಿದಳು. ಬಬಲೇಶ್ವರದ ಹುಡುಗಿಯ ಜಡೆಯ ತುದಿ ಅವಳ ಬೆರಳಿಗೆ ತಾಗಿತು!

ಎಲ್ಲರೂ ಹೋಗಿ ರೇಣವ್ವನನ್ನು ಎತ್ತಲು ನೋಡಿದರು, ಆಗಲಿಲ್ಲ, ನಗುತ್ತ ಎಲ್ಲರೂ ಬಿದ್ದರು. ಕೊನೆಯವಳನ್ನು ತಾನು ಹಿಡಿಯದ ಒಂದು ಆಟಕ್ಕೆ ಅಷ್ಟು ಸಂತೋಷವಾದದ್ದು ಮಲಕವ್ವನಿಗೆ ಅದೇ ಮೊದಲು. ಮಧ್ಯಾಹ್ನ ಫೈನಲ್‌ನಲ್ಲಿ ವಿಜಾಪುರದ ಹುಡುಗಿಯರು ಇವರನ್ನು ಸರಿಯಾಗಿಯೇ ಸೋಲಿಸಿದರು. ಆದರೂ ತಂಡದವರೆಲ್ಲ ಗಾಂಧಿ ಚೌಕದಲ್ಲಿ ಭಜಿ ತಿಂದೇ ಬಸ್ಸು ಹತ್ತಿದರು.

ಮಲಕವ್ವ ಹತ್ತನೆಯ ಇಯತ್ತೆ ಪಾಸಾದಳು. ಬಂದ ಎರಡು ವರಗಳಿಗೆ ಅಮಸಿದ್ದನೇ, "ಇನ್ನೂ ಸ್ವಲ್ಪ ತಡೀರಿ," ಎಂದು ಹೇಳಿ ಕಳಿಸಿದ. ಮಗಳು ಡ್ರಿಲ್ ಟ್ರೇನಿಂಗ್ ಮುಗಿಸಿದಳು. ೧೯೭೯ರಲ್ಲಿ ಬಬಲೇಶ್ವರದ ಹತ್ತಿರದ ಒಂದು ಸಾಲೆಯಲ್ಲಿ ನೌಕರಿ ಸಿಕ್ಕಿತು. ಮೊದಲ ದಿನ ಹುಚ್ಚವ್ವ ಬುತ್ತಿ ಕಟ್ಟಿಕೊಂಡು ಮಗಳ ಜೊತೆಗೇ ಬಂದಳು.

"ನಮ್ಮ ಹುಡುಗಿ ಇಲ್ಲಿ ಏನ ಕಲಸ್ತಾಳ್ರಿ?" ಎಂದು ಹೆಡ್ ಮಾಸ್ತರರನ್ನು ಕೇಳಿದಳು.

"ಓಡೂದು, ಜಿಗಿಯೂದು, ಆಟ ಆಡೂದು, ತಾಯಿ."

ಹುಚ್ಚವ್ವ ಗಲ್ಲದ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ಶಿವನ! ಇದನ್ನ ಕಲಸ ಬಾ ಅಂತ ಸರಕಾರದಾವ್ರು ಕಾಗದಾ ಬರದಾರೇನ್ರಿ?"

ಮಲಕವ್ವ ನಗುತ್ತ ಸುಣ್ಣದ ಬುಟ್ಟಿ ಎತ್ತಿಕೊಂಡು, ಗೆರೆ ಹಾಕಲು ಮೈದಾನಕ್ಕೆ ಇಳಿದಳು.