ದೊಡ್ಡಮ್ಮ ಮೆಚ್ಚದ ರೊಟ್ಟಿ

ಓಶ್ ಪಟ್ಟಣದ ನಮ್ಮ ಬೀದಿಯ ತಂದೂರಿನಿಂದ ಹೋಸಿಯತ್ ದೊಡ್ಡಮ್ಮ ಮೆಚ್ಚುವಂಥ ರೊಟ್ಟಿ ಇನ್ನೂ ಹೊರಬಂದಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ನಿಲ್ಲುವವಳೂ ಅವಳೇ, ರೊಟ್ಟಿಯನ್ನು ಮೂಸಿ, ತಟ್ಟಿ, ಕಿವಿಗಿಟ್ಟು ಕೇಳಿ ಸಾಲನ್ನೆಲ್ಲ ಕಾಯಿಸುವವಳೂ ಅವಳೇ. ತಿನ್ನುವ ಮೊದಲೇ "ಉಪ್ಪು ಜಾಸ್ತಿ" ಅನ್ನುತ್ತಾಳೆ. ತನ್ನ ಮದುವೆಯ ರೊಟ್ಟಿಗೂ ಮುಸುಕಿನೊಳಗಿಂದಲೇ ಕೊಂಕು ತೆಗೆದಿದ್ದಳಂತೆ. ಕಿಟಕಿಯಲ್ಲಿ ರೊಟ್ಟಿ ಕೊಡುವ ಜುಮ್ರಾದ್ ಇದನ್ನೆಲ್ಲ ನಗುತ್ತಲೇ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಅವಳ ಜಾಗದಲ್ಲಿ ಯಜಮಾನ ತೋಲಿಬನೇ ನಿಂತಿದ್ದ. "ಅವಳು ಆ ಅಲೆಮಾರಿ ಲ್ಯುಲಿ ಕುಲದೋಳಲ್ವಾ ದೊಡ್ಡಮ್ಮ, ಆ ಕಪ್ಪು ಕೈ ಕಂಡ್ರೆ ಗಿರಾಕಿಗಳು ಮುಖ ತಿರುಗಿಸ್ತಾರೆ. ಕೆಲ್ಸ ಬಿಡಿಸ್ದೆ." ದೊಡ್ಡಮ್ಮ ಅವನು ಕೊಟ್ಟ ರೊಟ್ಟಿಯನ್ನು ಮೂಸಲಿಲ್ಲ, ತಟ್ಟಲಿಲ್ಲ, ಬೋರಲಿಟ್ಟರೆ ರೊಟ್ಟಿಗೆ ಅಪಚಾರವೆಂದು ಅಂಗಾತವಾಗಿಯೇ ಮೆಲ್ಲಗೆ ಹಲಗೆಯ ಮೇಲಿಟ್ಟಳು. "ಯಾವ ಗಿರಾಕಿನಪ್ಪಾ? ಇಲ್ಲಿ ಮೊದಲ್ನೇ ಗಿರಾಕಿ ನಾನೇ," ಎಂದು ರೊಟ್ಟಿ ಸುತ್ತುವ ಬಟ್ಟೆಯನ್ನು ಮಡಚಿಕೊಂಡು ಬರಿಗೈಯಲ್ಲಿ ಹೊರಟಳು. ಹಿಂದೆ ನಿಂತಿದ್ದ ನಾವೇನು ಶೂರರಲ್ಲ. ಅವಳ ಬಾಯಿಗೆ ಹೆದರಿ ನಾವೂ ಬಟ್ಟೆ ಮಡಚಿಕೊಂಡೆವು. ಇಡೀ ಬೀದಿ ಒಂದು ವಾರ ಹಿಟ್ಟಿನ ಗಂಜಿ ಕುಡಿಯಿತು. ತೋಲಿಬ ಸೋತು ಜುಮ್ರಾದಳನ್ನು ಕರೆಸಿದ ಬೆಳಗ್ಗೆ, ಅವಳು ಕಿಟಕಿಯಲ್ಲಿ ನಿಂತು ಕೈಗಳನ್ನು ಅಂಗಿಯ ತೋಳಿನೊಳಗೆ ಮುಚ್ಚಿಕೊಂಡೇ ರೊಟ್ಟಿ ಕೊಟ್ಟಳು. ದೊಡ್ಡಮ್ಮ ರೊಟ್ಟಿಯನ್ನು ಕಿವಿಗಿಟ್ಟು ಬಹಳ ಹೊತ್ತು ಕೇಳಿದಳು. "ಉಪ್ಪು ಜಾಸ್ತಿ ಕಣೇ," ಎಂದಳು. ಕೆಲಸ ಮತ್ತೆ ತನ್ನದಾಯಿತೆಂದು ಜುಮ್ರಾದಳಿಗೆ ನಂಬಿಕೆ ಬಂದದ್ದು ಆಗಲೇ.