ಬ್ರೇಕ್ ಸದ್ದು ಕೇಳಬಾರದ ರಸ್ತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಣಿವೆಯ ತಳದಲ್ಲಿ ಹೊಳೆ ಎಲ್ಲಿದೆಯೆಂದು ಕಾಣುವುದಿಲ್ಲ, ಮಂಜಿನ ಒಳಗಿನಿಂದ ಸದ್ದು ಮಾತ್ರ ಬರುತ್ತದೆ. ರಸ್ತೆಯ ತಿರುವಿನಲ್ಲಿ ಕಿತ್ತಳೆ ಬಣ್ಣದ ಕೋಟು ತೊಟ್ಟ ಒಬ್ಬರು ರಸ್ತೆಯ ಏರಿನ ಕಡೆಗೆ ಮುಖ ಮಾಡಿ ನಿಂತು ಗುಡಿಸುತ್ತಿದ್ದಾರೆ. ಉದ್ದ ಹಿಡಿಯ ಪೊರಕೆ. ಇಬ್ಬನಿಗೆ ನೆನೆದ ಹರಳುಕಲ್ಲುಗಳು ಧೂಳೆಬ್ಬಿಸದೆ ಗುಡ್ಡದ ಬದಿಯ ಚರಂಡಿಗೆ ಉರುಳುತ್ತವೆ. ಏರಿಗೆ ಬೆನ್ನು ಹಾಕಿ ಇವರು ಎಂದೂ ಗುಡಿಸುವುದಿಲ್ಲ. ಇಳಿದು ಬರುವ ಸೈಕಲ್ಲು ಲಾರಿಯಂತಲ್ಲ. ಮೈಮೇಲೆ ಬರುವವರೆಗೂ ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಮೇಲಿನಿಂದ ಒಂದು ಗುಂಪು ಬಂದೇಬಿಡುತ್ತದೆ. ಇವರು ಪೊರಕೆಯನ್ನು ಎದೆಗವಚಿಕೊಂಡು ಗುಡ್ಡಕ್ಕೆ ಅಂಟಿ ನಿಲ್ಲುತ್ತಾರೆ. ಬಣ್ಣಬಣ್ಣದ ಅಂಗಿಗಳು ಒಂದರ ಹಿಂದೊಂದು ವಾಲಿ, ತಿರುವು ದಾಟಿ ಮಾಯವಾಗುತ್ತವೆ. ಒಂದು ಮುಖವೂ ಇತ್ತ ತಿರುಗುವುದಿಲ್ಲ. ಅವರು ಹೋದ ಮೇಲೂ ಇವರು ಕಿವಿಗೊಟ್ಟು ನಿಂತೇ ಇದ್ದಾರೆ.

"ಯಾರೂ ಬ್ರೇಕ್ ಹಿಡೀಲಿಲ್ಲ. ಕೇಳಿದ್ರಾ?" ಎನ್ನುತ್ತಾರೆ.

ಪತ್ರಿಕೆಗೆ ಬರೆಯಲೆಂದು ಬಂದು ಪಕ್ಕದಲ್ಲಿ ನಿಂತಿದ್ದ ನಾನು, ನನಗೇನೂ ಕೇಳಿಸಲಿಲ್ಲ ಎನ್ನುತ್ತೇನೆ.

"ಅದೇ ಮತ್ತೆ. ಹರಳಿದ್ದಿದ್ರೆ ಹಿಡೀತಿದ್ರು."

ಜೊತೆಗಾರರು ಇವರಿಗೆ ಇಟ್ಟ ಅಡ್ಡಹೆಸರು 'ಒಂಟಿ ಗ್ಯಾಂಗ್'. ರಸ್ತೆ ರಿಪೇರಿಗೆ ಗ್ಯಾಂಗ್ ಎಂದರೆ ಏಳೆಂಟು ಜನರಾದರೂ ಇರಬೇಕು. ಇಲ್ಲಿ ಗ್ಯಾಂಗೂ ಇವರೇ, ಗ್ಯಾಂಗಿಗೆ ಮೇಸ್ತ್ರಿಯೂ ಇವರೇ, ಕೆಲಸ ತಪ್ಪಿದರೆ ಬೈಸಿಕೊಳ್ಳುವವರೂ ಇವರೇ.

ಹೊಳೆಯ ಆಚೆ ದಡದಲ್ಲಿ ಅಗಲದ ಹೊಸ ರಸ್ತೆ ಆದಾಗ ಬಸ್ಸು, ಲಾರಿ, ಕಾರು ಎಲ್ಲ ಆ ಕಡೆಗೆ ಹೋದವು. ಅವುಗಳ ಹಿಂದೆ ಚಹಾ ಅಂಗಡಿ ಹೋಯಿತು, ಪಂಕ್ಚರ್ ಹಾಕುವವನು ಹೋದ. ಕೊನೆಗೆ ಗ್ಯಾಂಗೂ ಹೋಯಿತು. ಈ ದಡದ ಹಳೆ ರಸ್ತೆಗೆ ಉಳಿದದ್ದು ಸೈಕಲ್ ಸವಾರರು ಮತ್ತು ಒಬ್ಬ ಮನುಷ್ಯ. ಪ್ರವಾಸೋದ್ಯಮದವರು ಹಂಚುವ ಬಣ್ಣದ ಪುಸ್ತಿಕೆಯಲ್ಲಿ ಇದನ್ನು 'ನಿಶ್ಶಬ್ದ ರಸ್ತೆ, ಸ್ವರ್ಗದ ಇಳಿಜಾರು' ಎಂದು ಹೊಗಳಿದ್ದಾರೆ. ಹೊಳೆಯ ಚಿತ್ರವಿದೆ, ಕಲ್ಲಿನ ಸೇತುವೆಯ ಚಿತ್ರವಿದೆ, ನಗುವ ಸವಾರರಿದ್ದಾರೆ. ಪೊರಕೆ ಇಲ್ಲ. ಈ ಗುಡ್ಡ ಸಡಿಲು ಕಲ್ಲಿನದು. ರಾತ್ರಿಯಿಡೀ ಪುಡಿ ಉದುರಿಸುತ್ತಲೇ ಇರುತ್ತದೆ. ಒಂದು ವಾರ ಗುಡಿಸದೆ ಬಿಡಿ, ಸ್ವರ್ಗಕ್ಕೆ ನೇರ ದಾರಿಯೇ ಆಗುತ್ತದೆ. ಪುಸ್ತಿಕೆ ಬರೆದ ಪುಣ್ಯಾತ್ಮ ಇಲ್ಲಿಗೆ ಕಾರಿನಲ್ಲಿ ಬಂದು, ಕಾರಿನಲ್ಲೇ ಹೋಗಿರಬೇಕು.

ಗ್ಯಾಂಗಿನ ಕೋಣೆ ಎರಡನೇ ತಿರುವಿನ ಪಕ್ಕದಲ್ಲಿದೆ. ಕಲ್ಲಿನ ಗೋಡೆ, ತಗಡಿನ ಮಾಡು. ಗೋಡೆಗೆ ಸಾಲಾಗಿ ಕೋಟು ನೇತುಹಾಕುವ ಗೂಟಗಳು. ಬಾಗಿಲ ಹತ್ತಿರದ ಗೂಟಕ್ಕೆ ಮಾತ್ರ ಕೈ ತಗುಲಿ ತಗುಲಿ ಹೊಳಪು ಬಂದಿದೆ, ಉಳಿದವಕ್ಕೆ ಜೇಡ ಬಲೆ ಕಟ್ಟಿದೆ. ಉದ್ದದ ಬೆಂಚಿನ ಒಂದು ತುದಿಯಲ್ಲಿ ಇವರು ಕೂರುತ್ತಾರೆ. ನಡುವೆ ಯಾಕೆ ಕೂರುವುದಿಲ್ಲ ಎಂದು ಕೇಳಿದೆ. ಮೊದಲಿನಿಂದಲೂ ತನ್ನ ಜಾಗ ಅದೇ, ನಡುವೆ ಮೇಸ್ತ್ರಿ ಕೂರುತ್ತಿದ್ದ ಎಂದರು. ಮೇಸ್ತ್ರಿ ಆಚೆ ದಡಕ್ಕೆ ಹೋಗಿ ವರ್ಷಗಳೇ ಆದವು.

ಮನೆ ಕೆಳಗಿನ ಹಳ್ಳಿಯಲ್ಲಿದೆ. ಅಲ್ಲೂ ಹೀಗೆಯೇ. ಮಗಳ ಹೆರಿಗೆಗೆಂದು ಪೇಟೆಗೆ ಹೋದ ಹೆಂಡತಿ ಇನ್ನೂ ಬಂದಿಲ್ಲ. "ಮೊಮ್ಮಗ ಈಗ ಶಾಲೆಗೆ ಹೋಗ್ತಾನೆ. ಇವಳ ಹೆರಿಗೆ ಕೆಲಸ ಮಾತ್ರ ಮುಗಿದಿಲ್ಲ" ಎಂದು ನಗುತ್ತಾರೆ. ಜಗಳವೇನೂ ಇಲ್ಲವಂತೆ. ಮಗಳೂ ಅಳಿಯನೂ ದುಡಿಯಲು ಹೋಗುತ್ತಾರೆ, ಮಗುವಿಗೆ ಅಜ್ಜಿ ಬೇಕು. ಫೋನ್ ಮಾಡಿದರೆ ಊಟ ಆಯ್ತಾ ಎಂದು ಅವಳು ಕೇಳುತ್ತಾಳೆ, ಆಯ್ತು ಎಂದು ಇವರು ಹೇಳುತ್ತಾರೆ. ಆಮೇಲೆ ಇಬ್ಬರಿಗೂ ಮಾತು ತೋಚುವುದಿಲ್ಲ. ದಿನವಿಡೀ ಬಾಯಿ ಬಿಡದವನಿಗೆ ಸಂಜೆ ಒಮ್ಮೆಲೇ ಮಾತು ಎಲ್ಲಿಂದ ಬರಬೇಕು ಎಂದು ಇವರೇ ಕೇಳುತ್ತಾರೆ.

ನಾನು ಹೋದ ದಿನ ಇವರ ಮುಂದೆ ಒಂದು ಪ್ರಶ್ನೆ ಇತ್ತು. ಹೊಸ ರಸ್ತೆಯ ಗ್ಯಾಂಗಿನಲ್ಲಿ ಒಂದು ಜಾಗ ಖಾಲಿಯಾಗಿದೆ. ಮೇಸ್ತ್ರಿ ಇವರ ಹೆಸರು ಹೇಳಿದ್ದಾನೆ, ರಸ್ತೆ ಇಲಾಖೆಯ ಕಚೇರಿಯವರೂ ಒಪ್ಪಿದ್ದಾರೆ. ಬರುತ್ತೇನೆ, ಬರುವುದಿಲ್ಲ, ಎರಡರಲ್ಲಿ ಒಂದು ಇವತ್ತೇ ಹೇಳಬೇಕು. ಹೋದರೆ ಹಳೆ ಜೊತೆಗಾರರು ಸಿಗುತ್ತಾರೆ, ಬೆಂಚಿನ ತುಂಬ ಜನ. ಇವರು ಹೋದ ಮೇಲೆ ಹಳೆ ರಸ್ತೆಗೆ ಯಾರನ್ನು ಹಾಕುತ್ತೀರಿ ಎಂದು ಹಿಂದಿನ ದಿನ ನಾನೇ ಕಚೇರಿಗೆ ಹೋಗಿ ಕೇಳಿದ್ದೆ. ಆ ರಸ್ತೆಯಲ್ಲಿ ವಾಹನಗಳೇ ಇಲ್ಲವಲ್ಲ ಎಂದರು. ಸೈಕಲ್ಲು ವಾಹನವಲ್ಲವೇ ಎಂದರೆ, ಮೇಜಿನ ಹಿಂದಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಚಹಾ ತರಿಸಲೇ ಎಂದು ಕೇಳಿದ. ತಲೆ ಕೆಟ್ಟು ಎದ್ದು ಬಂದೆ.

ಹೋಗಲು ಮನಸ್ಸಿದೆಯೇ ಎಂದರೆ ಇವರು ಮುಚ್ಚಿಡುವುದಿಲ್ಲ. "ಇದೆ ಸಾರ್. ಒಬ್ಬನೇ ಇದ್ದು ಇದ್ದು ನನ್ನ ಕೆಮ್ಮು ಕೇಳಿ ನಾನೇ ಬೆಚ್ಚಿಬೀಳ್ತೀನಿ."

ಬಿಸಿಲು ಏರುವ ಹೊತ್ತಿಗೆ ಮೇಸ್ತ್ರಿ ಸ್ಕೂಟರಿನಲ್ಲಿ ಬರುತ್ತಾನೆ. ದಪ್ಪ ಮೀಸೆ, ದೊಡ್ಡ ಗಂಟಲು. "ಏನೋ ಒಂಟಿ ಗ್ಯಾಂಗ್, ಹಾಜರಿ ತಗೊಂಡ್ಯಾ? ಎಲ್ಲರೂ ಬಂದಿದ್ದಾರಾ?" ಎನ್ನುತ್ತ ಒಳಗೆ ಬಂದು ಬೆಂಚಿನ ನಡುವೆ ಕೂರುತ್ತಾನೆ. ಆತನನ್ನು ಕಂಡದ್ದೇ ಇವರ ಮುಖಕ್ಕೆ ಕಳೆ ಬರುತ್ತದೆ. ಮೇಲಿನ ತಿರುವಿನಲ್ಲಿ ಮತ್ತೆ ಉದುರಿದ ಹರಳನ್ನು ಇನ್ನೂ ಗುಡಿಸಿಲ್ಲ. ಆದರೂ ಪೊರಕೆಯನ್ನು ಬಾಗಿಲಿಗೆ ಒರಗಿಸಿ ಚಹಾಕ್ಕೆ ನೀರಿಡುತ್ತಾರೆ.

ಮಾತಿಗೆ ಮಾತು ಬೆಳೆಯುತ್ತದೆ. ಯಾರ ಮಂಡಿ ನೋವು ಜಾಸ್ತಿಯಾಯಿತು, ಯಾರ ಮಗ ಯಾರ ಮಗಳನ್ನು ಕೇಳಿ ಬೈಸಿಕೊಂಡ, ಯಾರು ಹೊಸ ಹಲ್ಲು ಕಟ್ಟಿಸಿಕೊಂಡು ಮೊದಲ ದಿನವೇ ನುಂಗಿದ, ಎಲ್ಲವೂ ಬರುತ್ತದೆ. ಕೊನೆಗೆ ಮೇಸ್ತ್ರಿ ಹಳೆಯ ಕಥೆ ತೆಗೆಯುತ್ತಾನೆ. "ನಮ್ಮವನ ಸಾಹಸ ಹೇಳಿದ್ನಾ ಸಾರ್? ಮಾತಾಡೋಕೆ ಜನ ಬೇಕು ಅಂತ ಹೆಂಗಸೊಬ್ಬಳ ಮೂಳೆ ಮುರಿಸಿದ ಗಂಡು."

ಇವರು ತಲೆ ತಗ್ಗಿಸಿ ಚಹಾ ಸೋಸುತ್ತಾರೆ. ಆಮೇಲೆ ಅದನ್ನು ತಾವೇ ಹೇಳುತ್ತಾರೆ.

ರಸ್ತೆ ಚೊಕ್ಕಟವಾಗಿದ್ದರೆ ಸವಾರರು ನಿಲ್ಲುವುದಿಲ್ಲ. ನಿಧಾನವನ್ನೂ ಮಾಡುವುದಿಲ್ಲ. ಕೆಲಸ ಚೆನ್ನಾಗಿ ಮಾಡಿದಷ್ಟೂ ಜನ ಬೇಗ ಹೋಗಿಬಿಡುತ್ತಾರೆ. ಹೋದ ಚಳಿಗಾಲದಲ್ಲಿ ಒಂದು ದಿನ ಅದು ಸಹಿಸಲಾಗದೆ ಇವರು ಮೇಲಿನ ತಿರುವನ್ನು ಬೇಕೆಂದೇ ಗುಡಿಸಲಿಲ್ಲ. ಹರಳು ಕಂಡರೆ ಯಾರಾದರೂ ಇಳಿದು ಸೈಕಲ್ ತಳ್ಳಿಕೊಂಡು ಬರುತ್ತಾರೆ, ತಾನು ಪೊರಕೆ ಹಿಡಿದು ಎದುರು ಹೋದರೆ ನಾಲ್ಕು ಮಾತಾಡುತ್ತಾರೆ ಎಂದು ಲೆಕ್ಕ ಹಾಕಿದ್ದರು. ಬಂದವರು ಪೇಟೆಯ ಔಷಧಿ ಅಂಗಡಿಯ ಹೆಂಗಸು. ಪ್ರತಿ ವಾರ ಬರುವವರು, ಈ ರಸ್ತೆ ಎಂದೂ ಚೊಕ್ಕಟ ಎಂದು ನಂಬಿದವರು. ಜಾರಿ ಬಿದ್ದು ಹೆಗಲ ಮೂಳೆ ಮುರಿಯಿತು. ಇವರು ಅವರನ್ನು ಕಸದ ಕೈಗಾಡಿಯಲ್ಲಿ ಕೂರಿಸಿ ಹಳ್ಳಿಯವರೆಗೆ ತಳ್ಳಿಕೊಂಡು ಹೋದರು. ದಾರಿಯಲ್ಲಿ, ನಿಮ್ಮಿಂದ ಉಪಕಾರವಾಯಿತು ಎಂದು ಆಕೆ ಅಂದಾಗ ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟರು.

"ಏನಂದ್ರು?" ಎನ್ನುತ್ತೇನೆ.

"'ಮಾತಾಡೋಕೆ ಜನ ಬೇಕಿದ್ರೆ ಪೇಟೆಗೆ ಹೋಗ್ರೀ, ನನ್ನ ಮೂಳೆನೇ ಬೇಕಿತ್ತಾ' ಅಂದ್ರು. ಸರಿಯಾಗೇ ಅಂದ್ರು."

ಬೇಸಿಗೆಗೆ ಆಕೆ ಮತ್ತೆ ಬಂದರಂತೆ. ನಿಲ್ಲಲಿಲ್ಲ, ನೋಡಲೂ ಇಲ್ಲ. ಆದರೆ ಸೈಕಲ್ಲಿಗೆ ಒಂದು ಬೆಲ್ ಹಾಕಿಸಿಕೊಂಡಿದ್ದರು. ತಿರುವಿಗೆ ಬರುವಾಗ ಅದನ್ನು ಬಾರಿಸಿ ಹೋದರು. ಈಗಲೂ ಪ್ರತಿ ವಾರ ಬಾರಿಸುತ್ತಾರೆ. "ಕ್ಷಮಿಸಿದ್ರೋ, ಪಕ್ಕಕ್ಕೆ ಸರಿಯೋ ಮುಠ್ಠಾಳ ಅಂತಿದ್ದಾರೋ, ಗೊತ್ತಿಲ್ಲ" ಎನ್ನುತ್ತಾರೆ. ಮೇಸ್ತ್ರಿ ತೊಡೆ ತಟ್ಟಿ ನಗುತ್ತಾನೆ, ನಾನೂ ನಗುತ್ತೇನೆ. ಇವರೂ ನಗುತ್ತಾರೆ. ಎಷ್ಟೋ ದಿನದಿಂದ ಒಳಗೇ ಉಳಿದಿದ್ದ ನಗು ಅದು, ನಿಲ್ಲುವುದೇ ಇಲ್ಲ. ನಾಳೆಯೇ ಬರುತ್ತೀಯಲ್ಲ ಎಂದು ಮೇಸ್ತ್ರಿ ಕೇಳುತ್ತಾನೆ. ಇವರು ಬಾಯಿ ತೆರೆಯುತ್ತಾರೆ.

ಆಗ ಮೇಲಿನಿಂದ ಆ ಸದ್ದು ಬರುತ್ತದೆ. ಕಿರ್ರೆಂದು ಉದ್ದಕ್ಕೆ ಎಳೆದ ಬ್ರೇಕ್, ಹಿಂದೆಯೇ ಹರಳು ಚೆದುರಿದ ಸದ್ದು. ಇವರ ಕೈಯ ಲೋಟ ಬೆಂಚಿನ ಮೇಲೆ ಉರುಳುತ್ತದೆ.

ನಾವು ಓಡಿಹೋಗಿ ನೋಡಿದರೆ ಸವಾರ ಬಿದ್ದಿಲ್ಲ. ಕನ್ನಡಕ ಹಾಕಿದ ನಡುವಯಸ್ಸಿನವನು, ಹೊಳೆ ಬದಿಯ ಕಟ್ಟೆಗೆ ಒಂದು ಕಾಲು ಕೊಟ್ಟು ನಿಂತಿದ್ದಾನೆ. ಮುಖ ಬಿಳಿಚಿಕೊಂಡಿದೆ. ಇಲ್ಲಿ ಗುಡಿಸುವವರು ಯಾರೂ ಇಲ್ಲವೇ ಎಂದು ನಮ್ಮನ್ನೇ ಕೇಳುತ್ತಾನೆ. ಆತನಿಗೆ ತಕ್ಕ ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇವರು ನನಗಿಂತ ಮುಂಚೆ, "ಇದ್ದಾರೆ. ಇವತ್ತು ತಡ ಆಯ್ತು" ಎನ್ನುತ್ತಾರೆ. ಸವಾರ ಗೊಣಗಿಕೊಂಡು, ಸೈಕಲ್ ಹತ್ತಿ ಹೋಗಿಬಿಡುತ್ತಾನೆ.

ಇವರು ಕೋಣೆಗೆ ಹೋಗಿ ಪೊರಕೆ ತರುತ್ತಾರೆ. ಏರಿಗೆ ಮುಖ ಮಾಡಿ ನಿಂತು ಗುಡಿಸುತ್ತಾರೆ. ಮೇಸ್ತ್ರಿ ನೋಡುತ್ತಾ ನಿಲ್ಲುತ್ತಾನೆ. ಆತನ ದೊಡ್ಡ ಗಂಟಲು ಸಣ್ಣದಾಗಿದೆ.

"ಹಾಗಾದ್ರೆ ಬರಲ್ಲ ಅನ್ನು."

"ಬರಲ್ಲ ಮೇಸ್ತ್ರಿ. ಮಾತಿಗೆ ಕೂತ್ರೆ ನನಗೆ ಕೆಲಸ ಮರೆತುಹೋಗುತ್ತೆ. ಈಗ ನೋಡಿದೆಯಲ್ಲ."

ಅಲ್ಲಿ ಮರೆತರೆ ಗುಡಿಸಲು ಇನ್ನೂ ಏಳು ಜನ ಇದ್ದಾರಲ್ಲೋ ಎಂದು ಮೇಸ್ತ್ರಿ ವಾದಿಸುತ್ತಾನೆ. ಅದಕ್ಕೇ ಅಲ್ಲಿ ನಾನು ಬೇಡ, ಇಲ್ಲಿ ಬೇರೆ ಯಾರಿದ್ದಾರೆ ಎಂದು ಇವರು ಹೇಳುತ್ತಾರೆ. ಮೇಸ್ತ್ರಿ ಇವರ ಬೆನ್ನಿಗೆ ಒಂದು ಗುದ್ದು ಕೊಟ್ಟು, ಸ್ಕೂಟರ್ ಹತ್ತುತ್ತಾನೆ. ಆ ಸದ್ದು ಸೇತುವೆ ದಾಟಿ ಆಚೆ ದಡ ಸೇರುವವರೆಗೂ ಕೇಳುತ್ತಲೇ ಇರುತ್ತದೆ. ಆಮೇಲೆ ಹೊಳೆಯ ಸದ್ದು ಮಾತ್ರ.

ನಾನೂ ಹೊರಡುವ ಹೊತ್ತಾಗಿದೆ. ಪತ್ರಿಕೆಯಲ್ಲಿ ಬರೆಯುತ್ತೇನೆ, ಸವಾರರು ಓದುತ್ತಾರೆ, ಅವರಿಗೇನಾದರೂ ಹೇಳಬೇಕೇ ಎಂದು ಕೇಳುತ್ತೇನೆ. ಒಂದು ದಿನವಾದರೂ ನಿಂತು ಈ ಮನುಷ್ಯನ ಮುಖ ನೋಡಿ ಎಂದು ಬರೆಯುವ ಆಸೆ ನನಗೆ. ಇವರು ಗಾಬರಿಯಾಗುತ್ತಾರೆ.

"ನಿಲ್ಲೋದು ಬೇಡ ಸಾರ್. ತಿರುವಲ್ಲಿ ನಿಂತ್ರೆ ಹಿಂದಿನವರು ಬಂದು ಗುದ್ದುತ್ತಾರೆ." ಪೊರಕೆಯ ಹಿಡಿಗೆ ಗಲ್ಲ ಊರಿ ಯೋಚಿಸುತ್ತಾರೆ. "ಈಗಿನ ಸೈಕಲ್‌ಗಳಿಗೆ ಬೆಲ್ಲೇ ಇರಲ್ಲ. ಒಂದೊಂದು ಹಾಕಿಸ್ಕೊಳ್ಳಿ ಅನ್ನಿ. ಹೋಗ್ತಾ ಹೋಗ್ತಾ ಒಂದ್ಸಲ ಹೊಡೆದ್ರೆ ಸಾಕು. ಬೈದುಕೊಂಡು ಹೊಡೆದ್ರೂ ಪರವಾಗಿಲ್ಲ."